ದಾಸರಿಗೊಂದು ಮುಖ

ಕೋಪರಖೈರಣೆಯ ಕನ್ನಡ ಸಂಘದ ಅಂಗಳದಲ್ಲಿ ಬೆಳಿಗ್ಗೆ ಟೆಂಪೋದಿಂದ ಇಳಿದ ಕನಕದಾಸರಿಗೆ ಮುಖವೇ ಇರಲಿಲ್ಲ. ಕೈಯಲ್ಲಿ ತಂಬೂರಿಯಿತ್ತು, ಹೆಗಲ ಮೇಲೆ ಕಂಬಳಿಯಿತ್ತು. ಕೊರಳಿನ ಮೇಲೆ ಮಾತ್ರ ರುಬ್ಬುವ ಗುಂಡಿನಂತೆ ನುಣುಪಾದ ಕಂಚು.

ವಿಗ್ರಹ ಮಾಡಿಸಿದವರು ಸಂಘದ ಕಾರ್ಯದರ್ಶಿ ಸರ್ವೋತ್ತಮ ಶೆಟ್ಟರು, ವಾಶಿಯ ಹೋಟೆಲೊಂದರ ಮ್ಯಾನೇಜರು. "ದಾಸರು 'ನಾನು' ಅನ್ನೋದನ್ನ ಬಿಟ್ಟವರು ಸಾರ್, ಅದಕ್ಕೇ ಮುಖ ಬೇಡ ಅನ್ನಿಸ್ತು" ಎಂದು ಮೈಸೂರಿನ ಶಿಲ್ಪಿ ಅಭಯ್ ಹೇಳಿದಾಗ ಶೆಟ್ಟರ ಕಣ್ಣು ತುಂಬಿ ಬಂದಿತ್ತು.

ಸದಸ್ಯರಿಗೆ ಬಂದದ್ದು ಸಿಟ್ಟು. ಇದು ಧರ್ಮಕ್ಕೇ ಅವಮಾನ ಎಂದು ಅಧ್ಯಕ್ಷ ವಸಂತಕುಮಾರರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದರು. ದಾಸರು ಹೆಲ್ಮೆಟ್ ಹಾಕಿ ನಿಂತ ಹಾಗಿದೆ ಎಂದು ಇನ್ನೊಬ್ಬರು ಸೇರಿಸಿದರು. ಸಂಜೆಯ ಅನಾವರಣಕ್ಕೆ ಬರುವುದಿಲ್ಲವೆಂದು ಅರ್ಧ ಸಂಘ ತಿಳಿಸಿತು. ಹಿರಿಯ ಸದಸ್ಯೆ ವನಮಾಲಕ್ಕ ಮಾತ್ರ ಶಾಂತವಾಗಿ ಕೇಳಿದರು: "ಎಂತ ಮಾರಾಯ್ರೆ, ನಾನು ಆರತಿ ಎತ್ತುವುದು ಯಾರ ಮುಖಕ್ಕೆ?"

ಮಧ್ಯಾಹ್ನ ಶೆಟ್ಟರು ಸೋತು, ಪಕ್ಕದ ಬೀದಿಯಲ್ಲಿ ಗಣಪತಿ ಮಾಡುವ ಮರಾಠಿಗ ಮ್ಹಾತ್ರೆಯನ್ನು ಕರೆಸಿದರು. ಮಣ್ಣಿನಲ್ಲಿ ಒಂದು ಮುಖ ಮೆತ್ತಿದರೆ ಸಾಕೆಂದರು. ಕನಕದಾಸರ ಹೆಸರೇ ಕೇಳಿರದ ಮ್ಹಾತ್ರೆ ಫೋಟೊ ಕೇಳಿದ. ಕಳೆದ ಜಯಂತಿಯದೊಂದು ಚಿತ್ರವನ್ನು ಫೋನಿನಿಂದ ಕಳಿಸಿ, ಮುನಿಸಿಕೊಂಡವರನ್ನು ಒಲಿಸಲು ಶೆಟ್ಟರು ಮನೆಮನೆಗೆ ಓಡಿದರು.

ಸಂಜೆ ಸಭೆ ತುಂಬಿತು. ಅಧ್ಯಕ್ಷರು ಬಟ್ಟೆ ಸರಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಉಬ್ಬಿದ ಕೆನ್ನೆ, ಕತ್ತರಿಸಿದ ಮೀಸೆ, ಮೂಗಿನ ಪಕ್ಕದಲ್ಲಿ ಮಚ್ಚೆ. ಜನ ದಾಸರನ್ನು ನೋಡಿದರು, ಆಮೇಲೆ ಶೆಟ್ಟರನ್ನು ನೋಡಿದರು. ಶೆಟ್ಟರ ಹೆಂಡತಿ ಚಂಪಾ ತಲೆ ತಗ್ಗಿಸಿದರು. ಕಳಿಸಿದ ಚಿತ್ರದಲ್ಲಿ ಶೆಟ್ಟರು ಪೇಟ ತೊಟ್ಟು ದಾಸರ ಪಟಕ್ಕೆ ಹಾರ ಹಾಕುತ್ತಿದ್ದರು. ಪಟ ಮೂಲೆಯಲ್ಲಿ ಹೆಬ್ಬೆರಳಿನಷ್ಟಿತ್ತು. ದೊಡ್ಡದಾಗಿ ಕಂಡವರೇ ಸಂತರೆಂದು ಮ್ಹಾತ್ರೆ ಭಾವಿಸಿದ್ದ.

ಅದನ್ನು ವಿವರಿಸಲು ಶೆಟ್ಟರು ಬಾಯಿ ತೆರೆದರು. ಯಾರೂ ಕೇಳಲಿಲ್ಲ. "ಇಷ್ಟು ವರ್ಷ ಕಾರ್ಯದರ್ಶಿಯಾಗಿದ್ದದ್ದು ದೇವರಾಗ್ಲಿಕ್ಕಾ?" ಎಂದು ವಸಂತಕುಮಾರರು ಮೈಕಿನಲ್ಲೇ ಕೇಳಿದರು. ಆ ಸಂಘದಲ್ಲಿ ಮೊದಲ ಬಾರಿಗೆ ಒಂದು ನಿರ್ಣಯ ಸರ್ವಾನುಮತದಿಂದ ಪಾಸಾಯಿತು: ಮುಖ ಬೇಡ. ಯಾರದೋ ಅವರೇ ತೆಗೆಯಲಿ.

ಶೆಟ್ಟರು ಒದ್ದೆ ಬಟ್ಟೆ ಹಿಡಿದು ಸ್ಟೂಲು ಹತ್ತಿದರು. ಮೊದಲು ತಮ್ಮ ಮೂಗನ್ನು ಅಳಿಸಿದರು, ಆಮೇಲೆ ಮೀಸೆಯನ್ನು. ಕೊನೆಗೆ ಬರಿಯ ಕಂಚು ಹೊಳೆಯಿತು. ವನಮಾಲಕ್ಕ ಆರತಿ ಎತ್ತಿದರು.

"ಈಗ ದಾಸರು ದಾಸರ ಹಾಗೆ ಕಾಣ್ತಾರೆ" ಎಂದರು.

ಎಲ್ಲರೂ ಕೈಮುಗಿದರು. ಹೊಸ ಕಾರ್ಯದರ್ಶಿಯ ಹೆಸರು ಮೈಕಿನಲ್ಲಿ ಕೇಳಿಬರುತ್ತಿರುವಾಗ, ಶೆಟ್ಟರೂ ಸ್ಟೂಲಿನ ಮೇಲೆಯೇ ಮಣ್ಣುಗೈಯನ್ನು ಮುಗಿದರು.