ಕೆಂಪು ಕಾರಿನ ಕಟಕಟ

ನಾನು ಸಿಟ್ಟಿನಿಂದ ಮಾಡಿದ್ದಕ್ಕೆಲ್ಲ ಊರು ನಗುತ್ತದೆ. ನವಲಗುಂದದಲ್ಲಿ ಇದು ನನಗೆ ವಾರಕ್ಕೊಮ್ಮೆಯಾದರೂ ತಪ್ಪಿದ್ದಲ್ಲ. ಗ್ಯಾರೇಜು ನಡೆಸುತ್ತೇನೆ, ಉಳಿದ ಹೊತ್ತು ಧರಣಿ ಕೂಡುತ್ತೇನೆ. ಎರಡನ್ನೂ ಯಾರೂ ಕಲಿಸಲಿಲ್ಲ. ಮನೆಯಲ್ಲಿ ಒಬ್ಬನೇ.

ಈಚೆಗೆ ಹುಬ್ಬಳ್ಳಿಯ ಮುದಿ ಡಾಕ್ಟರೊಬ್ಬರು ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು. ಮೇಲೆ ಹೊದಿಕೆಯಿಲ್ಲ, ಕೆಂಪು ಬಣ್ಣ. ಆಕ್ಸಿಲರೇಟರ್ ಒತ್ತಿದರೆ ಕಟಕಟ. "ದೊಡ್ಡ ಗ್ಯಾರೇಜಿನವರು ಕೈ ಎತ್ಯಾರ. ಸೋಮವಾರದೊಳಗ ಕಾರಣ ಸಿಗಲಿಲ್ಲಂದ್ರ ಗುಜರಿಗೆ ಹಾಕ್ತೀನ್ರಿ," ಎಂದರು. ಅಂಥ ಗಾಡಿಯನ್ನು ಗುಜರಿಗೆ ಬಿಡುವವನು ನಾನಲ್ಲ.

೧. ಭೋಂಗಾ

ಸಪ್ಪಳ ಹಿಡಿಯಲು ನನ್ನ ಬಳಿ ಇದ್ದದ್ದು ಘೋಷಣೆ ಕೂಗುವ ತಗಡಿನ ಭೋಂಗಾ. ಅದರ ಅಗಲ ಬಾಯಿಯನ್ನು ಇಂಜಿನ್ನಿಗೆ ಹಿಡಿದು, ಸಣ್ಣ ತುದಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದೆ. ತೆರೆದರೆ ಸುತ್ತ ನಲವತ್ತು ಜನ. ಕುಡಿಯುವ ನೀರಿನ ಧರಣಿಗೆ ಕರೆದಾಗ ಬಂದವರು ಮೂವರು, ಅದರಲ್ಲೊಬ್ಬ ಪೊಲೀಸ. ಅದೇ ಪೊಲೀಸ ಈಗಲೂ ಬಂದ.

"ಇವತ್ತೇನ್ ಬೇಡಿಕಿ?"

"ಎಲ್ಲಾರೂ ಬಾಯಿ ಮುಚ್ಚೂದು."

ಅವನು ಅದನ್ನೂ ಬರೆದುಕೊಂಡು ಹೋದ.

೨. ಯಮನೂರಿನ ದಾರಿ

ಬಾಜೂ ಮನೆಯ ಖಾಲಾ, ಅಂದರೆ ಚಿಕ್ಕಮ್ಮ, ಜಮಖಾನ ನೇಯುವವರು. ಯಮನೂರು ದರ್ಗಾಕ್ಕೆ ಹೋಗುವ ಬಸ್ಸು ತಪ್ಪಿತ್ತು. ಕೆಂಪು ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದೆ. ಇಷ್ಟು ವರ್ಷ ನೆರೆಯಲ್ಲಿದ್ದರೂ ನನ್ನ ಜೋಡಿ ಯಾವ ಗಾಡಿಯನ್ನೂ ಹತ್ತಿದವರಲ್ಲ. ಹತ್ತುವ ಮೊದಲೇ ಷರತ್ತು ಹಾಕಿದರು: "ಸರಕಾರದ ಮಾತು ತಗದಿ ಅಂದ್ರ ನಡುದಾರ್ಯಾಗ ಇಳೀತೀನಿ ನೋಡಪಾ."

ಬಾಯಿ ಮುಚ್ಚಿ ಓಡಿಸಿದೆ. ಕಾರೂ ಬಾಯಿ ಮುಚ್ಚಿತ್ತು. ದರ್ಗಾದ ಮುಂದೆ ಅವರು ಇಳಿದರು, ನಾನೊಬ್ಬನೇ ಹೊರಟೆ, ಮತ್ತೆ ಕಟಕಟ. ತಿರುಗಿ ಬಂದು, "ಖಾಲಾ, ಇನ್ನೊಮ್ಮಿ ಕೂಡ್ರಿ," ಎಂದೆ. ಕೂತರು. ಒಂದು ಸುತ್ತು ಹೊಡೆದೆ. ಸಪ್ಪಳವಿಲ್ಲ.

"ದೇವರ ಪವಾಡ ಅನ್ನಬ್ಯಾಡ್ರಿ ಮತ್ತ," ಎಂದೆ.

"ಅಷ್ಟೂ ದಾರಿ ನಿನ್ನ ಬಾಯಿ ಮುಚ್ಚಿಸ್ಯಾನ. ಇಂಜಿನ್ನೇನ್ ದೊಡ್ಡದಾತು?"

೩. ಕಡಲೆ ಚೀಲ

ತಪ್ಪು ಇಂಜಿನ್ನಿನದಲ್ಲ. ಬಾಜೂ ಸೀಟಿನ ಬೋಲ್ಟು ಸಡಿಲಾಗಿತ್ತು. ಸೀಟು ಖಾಲಿಯಿದ್ದರೆ ಇಂಜಿನ್ನಿನ ನಡುಕಕ್ಕೆ ಬಡಿದುಕೊಳ್ಳುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ, ಸಪ್ಪಳ ಯಾವಾಗಿನಿಂದ ಎಂದು ಕೇಳಿದೆ.

"ನಮ್ಮ ಮನಿಯವರು ತೀರಿಕೊಂಡ ಮ್ಯಾಲ."

ಬಾಜೂ ಸೀಟಿನ ಸಂಗತಿ ಹೇಳಿದೆ. ನನ್ನ ಬಾಜೂ ಸೀಟಿನ ಸುದ್ದಿ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಡೆಗೆ, "ಗುಜರಿ ಬ್ಯಾಡ. ಸೋಮವಾರ ಬಂದು ಒಯ್ತೀನ್ರಿ," ಎಂದರು.

ಬೋಲ್ಟು ಬಿಗಿಯುವ ಮುಂಚೆ ಖಾತ್ರಿಯಾಗಲೆಂದು ಆ ಸೀಟಿನಲ್ಲಿ ಒಂದು ಕಡಲೆ ಚೀಲ ಕೂಡಿಸಿ ಬೆಲ್ಟು ಹಾಕಿದೆ. ಚೀಲದ ಬಾಯಿ ಹರಿದಿತ್ತು. ಕಾಳು ಚೆಲ್ಲದಂತೆ ಮೇಲೊಂದು ಸಣ್ಣ ಜಮಖಾನ ಮುಸುಕಿನಂತೆ ಹೊದಿಸಿ ಪೇಟೆಯಲ್ಲಿ ಸುತ್ತು ಹೊಡೆದೆ. ಕಟಕಟ ಬರಲಿಲ್ಲ.

ಮರಳಿ ಗ್ಯಾರೇಜು ಮುಟ್ಟುವಷ್ಟರಲ್ಲಿ ಆ ನಲವತ್ತೂ ಜನ ಅಲ್ಲಿದ್ದರು. ಮುಂದೆ ಖಾಲಾ, ಕೈಯಲ್ಲಿ ಸಕ್ಕರೆ ಬಟ್ಟಲು. "ಮದಿವಿ ಮಾಡ್ಕೊಂಡಿ, ನನಗರ ಒಂದ್ ಮಾತು ಹೇಳಬಾರದೇನ ತಮ್ಮಾ?"

ಜಮಖಾನ ಸರಿಸಿದೆ. ಪೊಲೀಸ ಮುಂದೆ ಬಂದು ಚೀಲವನ್ನು ಎಲ್ಲ ಕಡೆಯಿಂದ ನೋಡಿದ.

"ಇದಕ್ಕ ಕಿವಿ ಇಲ್ರಿ," ಎಂದ. "ಅದಕ್ಕ ಇವನ ಬಾಜೂ ಕುಂತೈತಿ."