ಹಾಲಿನ ಡೈರಿ ಮುಂದಿನ ಚರಿತ್ರೆ

ಮೇಷ್ಟ್ರ ಕೆಲಸದಿಂದ ನಿವೃತ್ತನಾದರೂ ಸೀಮೆಸುಣ್ಣದ ಚಟ ನನ್ನನ್ನು ಬಿಡಲಿಲ್ಲ. ಗುಮ್ಮಳಾಪುರದ ಹಾಲಿನ ಡೈರಿಯ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ 'ಚರಿತ್ರೆಯಲ್ಲಿ ಈ ದಿನ' ಅಂತ ಬರೆಯುತ್ತೇನೆ. ಬರೆಯುವುದು ಒಂದೇ ಸಾಲು, ಅದರಿಂದಾಗುವ ಫಜೀತಿ ಮಾತ್ರ ಊರಗಲ.

೧. ಆನೆ

ಮೊದಲ ವಾರ ಯಾವುದೋ ರಾಜನ ಪಟ್ಟಾಭಿಷೇಕ ಬರೆದಿದ್ದೆ. ಎರಡು ಸೀಮೆಹಸು ಸಾಕಿರುವ ನಮ್ಮ ಬೀದಿಯ ತಾತ ಕ್ಯಾನು ಕೆಳಗಿಟ್ಟು ಓದಿದ.

"ಬರೀ ರಾಜರದ್ದೇ ಆಯ್ತಲ್ಲ ಮೇಷ್ಟ್ರೇ. ಜವಳಗಿರಿ ಕಾಡಿಂದ ಆನೆ ಬಂದು ನನ್ ರಾಗಿ ಮೆದೆ ಕೆಡವ್ತಲ್ಲ, ಅದ್ಯಾವ ದಿನ?"

"ಅದು ಪುಸ್ತಕದಲ್ಲಿಲ್ಲ ತಾತ."

"ಆನೆಗೆ ಗೊತ್ತು, ನಂಗೊತ್ತು. ಓದ್ದೋರಿಗೇ ಗೊತ್ತಿಲ್ಲ" ಅಂತ ಕ್ಯಾನೆತ್ತಿಕೊಂಡು ಹೋದ.

೨. ಜೂನ್ ಒಂದು

ಊರಿನವರಿಗೂ ಖುಷಿಯಾಗಲಿ ಎಂದು ಹಳೇ ಶಾಲಾ ದಾಖಲೆ ನೋಡಿ, 'ಇಂದು ನಮ್ಮೂರ ಹನ್ನೊಂದು ಜನ ಹಿರಿಯರ ಹುಟ್ಟಿದ ದಿನ' ಎಂದು ಬರೆದೆ. ಆಗಿನ ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಎಲ್ಲರಿಗೂ ಒಂದೇ ತಾರೀಕು ಹಾಕಿಬಿಟ್ಟಿದ್ದರು. ಪಟ್ಟಿಯಲ್ಲಿ ತಾತನೂ ಇದ್ದ, ತಾತನ ತಮ್ಮನೂ ಇದ್ದ.

ತಾತ ಎರಡು ಸಲ ಓದಿ, "ಪಾಪ, ಅವತ್ತು ಸೂಲಗಿತ್ತಿಗೆ ಉಣ್ಣಕ್ಕೂ ಪುರುಸೊತ್ತು ಸಿಕ್ಕಿರಕ್ಕಿಲ್ಲ" ಅಂದ.

೩. ಚಂದ್ರ

ನಗುತ್ತಲೇ ಅಂದರೂ, ತನ್ನದೇ ಅನ್ನುವ ಒಂದು ದಿನ ಇಲ್ಲವಲ್ಲ ಅಂತ ತಾತನಿಗೆ ಚುಚ್ಚಿತ್ತು. ಜುಲೈಯಲ್ಲಿ ನನ್ನ ಮನೆಗೇ ಬಂದ.

"ಮನುಷ್ಯ ಚಂದ್ರನ ಮೇಲೆ ಇಳಿದ ದಿನಾನೇ ನನ್ ಮದ್ವೆ ಮೇಷ್ಟ್ರೇ. ರೇಡಿಯೊದಾಗೆ ಹೇಳಿದ್ದು ಚೆನ್ನಾಗಿ ಗ್ಯಾಪ್ಕ ಐತೆ. ಹುಟ್ಟಿದ ದಿನ ಹೋಯ್ತು, ಅದ್ನಾದ್ರೂ ಬರೀರಿ."

ನನಗೆ ಅಯ್ಯೋ ಅನ್ನಿಸಿತು. ಜುಲೈ ಇಪ್ಪತ್ತರಂದು ಚಂದ್ರನ ಕೆಳಗೆ ತಾತನ ಮದುವೆಯನ್ನೂ ಬರೆದೆ. ತಾತ ಒಗೆದ ಪಂಚೆ ಉಟ್ಟು ಬಂದು ಎಲ್ಲರಿಗೂ ಟೀ ಹೇಳಿದ, ಹೆಂಡತಿಯನ್ನೂ ಕರೆತಂದ. ಅಜ್ಜಿಗೆ ಓದಲು ಬಾರದು, ನಾನೇ ಓದಿ ಹೇಳಿದೆ.

"ಆಷಾಢದಾಗೆ ಯಾರು ಮದ್ವೆ ಮಾಡ್ತಾರೆ?" ಅಂದಳು. "ನಮ್ದಾಗಿದ್ದು ವೈಶಾಖದಾಗೆ. ಆಷಾಢಕ್ಕೆ ನಾನು ತವರ್ನಾಗಿದ್ದೆ."

ಹಾಲಿನ ಸಾಲಿನಲ್ಲಿದ್ದವರೆಲ್ಲ ತಾತನ ಕಡೆ ತಿರುಗಿದರು. ತಾತ ಟೀ ಲೋಟವನ್ನೇ ನೋಡುತ್ತಾ ನಿಂತ. ನಾನು ಒಲ್ಲದ ಮನಸ್ಸಿನಿಂದಲೇ ಹಲಗೆ ಒರೆಸಲು ಬಟ್ಟೆ ಎತ್ತಿಕೊಂಡೆ.

ಅಜ್ಜಿ ಗಂಡನ ಮುಖ ನೋಡಿದಳು. "ಒರೆಸ್ಬೇಡಿ ಮೇಷ್ಟ್ರೇ. ಆ ದಿನ ನಂಗೂ ಗ್ಯಾಪ್ಕ ಐತೆ. ಈವಯ್ಯ ನನ್ ನೋಡಕ್ಕೆ ಅಂತ ಆನೆ ಕಾಡು ದಾಟಿ ನಡ್ಕೊಂಡ್ ಬಂದಿದ್ದ. ಆಷಾಢದಾಗೆ ಅತ್ತೆ ಅಳಿಯ ಒಂದೇ ಹೊಸ್ತಿಲು ದಾಟಂಗಿಲ್ಲ ಅಂತ ನಮ್ಮವ್ವ ಒಳಕ್ಕೆ ಬಿಡ್ಲಿಲ್ಲ. ನಮ್ಮನೆ ರೇಡಿಯೊನ ಬೇಲಿ ಆಚೆ ನಿಂತೇ ಕೇಳ್ದ. ಹಿಂಗೆ ಬರ್ಕಳಿ: ಯಾವನೋ ಹೋಗಿ ಚಂದ್ರನ ಮೇಲೆ ಕಾಲಿಟ್ಟ ದಿನ, ನಮ್ಮೋನು ಅತ್ತೆ ಮನೆ ಒಳಕ್ಕೆ ಕಾಲಿಡಕ್ಕಾಗ್ಲಿಲ್ಲ."