ವಸಡಿಗೆ ಹಚ್ಚಿದ ನಿದ್ದೆ ಮಾತ್ರೆ

ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ವಸಡಿನಲ್ಲಿ ರಕ್ತ, ಮೇಲಿನ ಸಾಲಿನ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಮುಂದಿನ ತಿಂಗಳು ಮಗಳ ಮದುವೆ. ಬೀಗರ ಮುಂದೆ ಬಾಯಲ್ಲಿ ಕಿಂಡಿ ಇಟ್ಟುಕೊಂಡು ನಗಲಾದೀತೇ?

ಆರ್.ಟಿ. ನಗರದ ದಂತವೈದ್ಯೆ ಕಡ್ಡಿ ಮುರಿದಂತೆ ಹೇಳಿದರು: "ಸಾರ್, ಹದಿನೈದು ದಿನದಲ್ಲಿ ಶುಗರ್ ಇಳಿಸ್ಕೊಂಡು ಬನ್ನಿ. ವಸಡು ಕ್ಲೀನ್ ಮಾಡಿ ಹಲ್ಲು ಉಳಿಸೋಣ."

ಇಷ್ಟು ಸುಲಭದ ದಾರಿ ನನ್ನಂಥ ಓದಿಕೊಂಡವನಿಗೆ ಹಿಡಿಸೀತೇ? ಮೆಲಟೋನಿನ್ ಎಂಬ ನಿದ್ದೆಯ ಔಷಧಿಯನ್ನು ಮುಲಾಮು ಮಾಡಿ ಮಧುಮೇಹಿಗಳ ವಸಡಿಗೆ ಹಚ್ಚಿ ನೋಡುತ್ತಿದ್ದಾರೆಂದು ಪತ್ರಿಕೆಯ ಮೂಲೆಯಲ್ಲಿ ಓದಿದ್ದೆ. ನಮ್ಮ ಅಲ್ಲಾಳಸಂದ್ರದ ಅಂಗಡಿಯಲ್ಲಿ ಮುಲಾಮು ಇರಲಿಲ್ಲ, ಮಾತ್ರೆ ಇತ್ತು. ಮುಲಾಮು ನಾವೇ ಮಾಡಿಕೊಂಡರಾಯಿತು!

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಯಾವ ಔಷಧಿಯೂ ಜೇನುತುಪ್ಪವಿಲ್ಲದೆ ಬಾಯಿಗೆ ಹೋದದ್ದಿಲ್ಲ. ಮಾತ್ರೆ ಕುಟ್ಟಿ, ಜೇನುತುಪ್ಪದಲ್ಲಿ ಕಲಸಿ, ದಿನಕ್ಕೆ ನಾಲ್ಕು ಸಲ ಬೆರಳಲ್ಲಿ ಹಚ್ಚಿದೆ. ಮುಕ್ಕಾಲು ಪಾಲು ಗಂಟಲಿಗೇ ಇಳಿಯುತ್ತಿತ್ತು. ಹನ್ನೆರಡು ವರ್ಷದ ಮೇಲೆ ಸಿಹಿ! ಚಿಕಿತ್ಸೆಯಲ್ಲಿ ನನಗೆ ಅಪಾರ ಶ್ರದ್ಧೆ ಹುಟ್ಟಿತು.

"ಏನ್ರೀ, ಹಗಲೊತ್ತೇ ತೂಕಡಿಸ್ತಿದೀರಾ?" ಹೆಂಡತಿ ಜಯಮ್ಮ ಕೇಳಿದಳು.

"ವಸಡಿಗೆ ವಿಶ್ರಾಂತಿ ಬೇಕು ಕಣೇ," ಎಂದೆ ಗಂಭೀರವಾಗಿ.

ಹದಿನೈದನೇ ದಿನ, ಒಂದು ಬೆರಳು ಜಾಸ್ತಿಯೇ ಹಚ್ಚಿಕೊಂಡು, ಜಯಮ್ಮನ ಜೊತೆ ವೈದ್ಯರಲ್ಲಿಗೆ ಬಸ್ಸು ಹತ್ತಿದೆ. ಹೆಬ್ಬಾಳ ಬರುವಷ್ಟರಲ್ಲಿ ಗೊರಕೆ. ರಸ್ತೆಯಲ್ಲೊಂದು ಹಂಪ್ ಬಂತು. ಮುಂದಿನ ಸೀಟಿನ ಕಂಬಿಗೆ ನನ್ನ ಮುಖ ಧಡಾರನೆ ಬಡಿಯಿತು.

ಕಂಡಕ್ಟರ್ ಬಗ್ಗಿ ಏನನ್ನೋ ತೋರಿಸಿದ. "ಯಜಮಾನ್ರೇ, ಇದು ನಿಮ್ದಾ ನೋಡಿ."

ನನ್ನದೇ!

ವೈದ್ಯೆ ಶುಗರ್ ಮೀಟರನ್ನು ಎರಡು ಸಲ ನೋಡಿದರು. "ಇಳಿಸ್ಕೊಂಡು ಬನ್ನಿ ಅಂದ್ರೆ ಏರಿಸ್ಕೊಂಡು ಬಂದಿದೀರಲ್ಲಾ ಸಾರ್! ಏನ್ ತಿಂದ್ರಿ?"

ತಲೆ ತಗ್ಗಿಸಿ ಎಲ್ಲ ಹೇಳಿದೆ.

"ಆ ಮುಲಾಮು ಇನ್ನೂ ಪರೀಕ್ಷೆಲಿದೆ. ಅದಕ್ಕೆ ಜೇನುತುಪ್ಪ ಹಾಕಿದೋರು ನೀವೊಬ್ರೇ! ಶುಗರ್ ಇಳಿಸಿದ್ದಿದ್ರೆ ಹಲ್ಲು ಉಳೀತಿತ್ತು. ಈಗ ವಸಡು ಸರಿಹೋಗೋವರೆಗೂ ಬೇರೆ ಹಲ್ಲು ಕಟ್ಟೋಕೂ ಆಗಲ್ಲ."

"ಜೇನುತುಪ್ಪಾನಾ?" ಎಂದಳು ಜಯಮ್ಮ. ಮನೆ ಸೇರಿದ್ದೇ ಜೇನುತುಪ್ಪದ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಮದುವೆಯ ಎರಡು ದಿನವೂ ತುಟಿ ಬಿಗಿದುಕೊಂಡೇ ಓಡಾಡಿದೆ. ಬೀಗಿತ್ತಿ ಕಣ್ಣೊರೆಸಿಕೊಂಡು ಎಲ್ಲರಿಗೂ ಹೇಳಿದರು, "ಮಗಳನ್ನ ಕಳಿಸೋ ಸಂಕಟ, ಪಾಪ. ಒಂದ್ಸಲನೂ ನಗ್ಲಿಲ್ಲ, ಎಂಥ ಅಪ್ಪ ಕಣ್ರೀ!"

ಅವರನ್ನು ತಿದ್ದಬೇಕೆಂದು ಅನ್ನಿಸಿತು. ಆದರೆ ಅದಕ್ಕೆ ಬಾಯಿ ತೆರೆಯಬೇಕಲ್ಲ!